ಗಿರಾಕಿಯ ಅಳತೆ

ಜೂನ್ 3, ಮಂಗಳವಾರ

ತಮ್ಮಾ,

ನೀನು ಕಳಿಸಿದ ಗಿರಾಕಿ ಶನಿವಾರ ಬಂದು ತಲುಪಿತು. ನಿಮ್ಮ ವ್ಯಾನಿನವನು ಹಗ್ಗದ ತುದಿಯನ್ನು ನನ್ನ ಕೈಗೆ ತುರುಕಿ, "ಅಮ್ಮಾ, ಹುಷಾರು, ಇದಕ್ಕೆ ಸ್ವಲ್ಪ ಸಿಟ್ಟು ಜಾಸ್ತಿ" ಅಂದ. "ನನಗಿಂತಲಾ?" ಎಂದು ಕೇಳುವಷ್ಟರಲ್ಲಿ ಗಾಡಿ ಬೀದಿ ತಿರುವು ದಾಟಿತ್ತು.

ನಿಮ್ಮ ನಾಯಿಗಳ ಆಶ್ರಯದ ಛಾವಣಿ ಕುಸಿಯಿತು, ಎರಡು ದಿನದಲ್ಲಿ ಮೂವತ್ತು ನಾಯಿಗಳಿಗೆ ಮನೆ ಹುಡುಕಬೇಕು ಎಂದು ನೀನು ಗೋಗರೆದೆ, ನಾನು ಹೂಂ ಅಂದೆ. ಒಂದೇ ತಿಂಗಳು ಎಂಬ ಮಾತು ನೆನಪಿರಲಿ. ನಾನು ಬಟ್ಟೆ ಹೊಲಿದು ಬದುಕಿದವಳು, ನಾಯಿ ಸಾಕಿದವಳಲ್ಲ. "ಪಾಪದ ಮುದಿ ನಾಯಿ, ತನ್ನ ಪಾಡಿಗೆ ಬಿದ್ದಿರುತ್ತೆ" ಎಂದಿದ್ದೆ ನೀನು. ಬಿದ್ದಿರುವುದೇನೋ ನಿಜ, ಆದರೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಸರಿಯಾಗಿ ನಾನು ನಿಲ್ಲುವ ಜಾಗದಲ್ಲಿ. ಮೂರು ದಿನದಿಂದ ಮೇಜಿನ ಆಚೆ ಬದಿಗೆ ನಿಂತು ಉಲ್ಟಾ ಕತ್ತರಿಸುತ್ತಿದ್ದೇನೆ. ಎದುರು ಮನೆಯ ನರ್ಸಮ್ಮನ ಯೂನಿಫಾರಂಗೆ ಎರಡೂ ತೋಳು ಎಡಗೈಯವೇ ಆಗಿವೆ.

ನಾನು ಎದುರಿಗಿದ್ದರೆ ತಟ್ಟೆ ಮುಟ್ಟುವುದಿಲ್ಲ. ಬೆನ್ನು ತಿರುಗಿಸಿ ಒಳಗೆ ಹೋದರೆ ಖಾಲಿಯಾಗಿರುತ್ತದೆ. ಹಿತ್ತಲ ಬಾಗಿಲು ತೆಗೆದು ದೂರ ನಿಂತರೆ ಹೊರಗೆ ಹೋಗಿ ಬರುತ್ತದೆ. ಮರ್ಯಾದಸ್ಥ ನಾಯಿ, ಆದರೆ ನನ್ನನ್ನು ಕಂಡರಾಗದು.

ಎರಡು ಪ್ರಶ್ನೆ. ಊರಲ್ಲೆಲ್ಲ ನಾಯಿಯ ಕುತ್ತಿಗೆಗೆ ಹಗ್ಗ ಕಟ್ಟುತ್ತಾರೆ, ಇದಕ್ಕೇಕೆ ಹೊಟ್ಟೆಗೆ ಸುತ್ತಿ ಕಳಿಸಿದಿರಿ? ಮತ್ತೆ, ಇದರ ಮೈಯಿಂದ ಏನೋ ವಾಸನೆ ಬರುತ್ತಿದೆ. ಒದ್ದೆ ನಾಯಿಯ ವಾಸನೆಯಲ್ಲ, ಬೇರೆ ಏನೋ.

ಅಕ್ಷರ ಸೊಟ್ಟಗಿವೆ, ಬಲಗೈಗೆ ಸೂಜಿ ಚುಚ್ಚಿದೆ. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಸಿಟ್ಟು ಆರಲು ಎರಡು ದಿನವಾದರೂ ಸಿಗುತ್ತದೆ.

ನಿನ್ನ ಅಕ್ಕ


ಜೂನ್ 6, ಶುಕ್ರವಾರ

ಅಕ್ಕಾ,

ಎಡಗೈ ಬರವಣಿಗೆ, ಎಂದಿನ ಹಾಗೆ ಶಾಯಿ ಒರೆಸಿಹೋಗಿದೆ. ಬೈಯಬೇಡ.

ಆ ನಾಯಿ ನಾಲ್ಕು ವರ್ಷದ ಹಿಂದೆ ಖಾಲಿ ಗೋದಾಮಿನಲ್ಲಿ ಸಿಕ್ಕಿದ್ದು. ಆಗ ಎಲುಬು ಎಣಿಸಬಹುದಿತ್ತು. ನಮ್ಮಲ್ಲಿ ಹನ್ನೊಂದನೇ ಗೂಡಿನಲ್ಲಿತ್ತು. ಯಾರ ತಂಟೆಗೂ ಹೋಗದ ನಾಯಿ, ಹಾಗಾಗಿ ಯಾರೂ ಅದರ ತಂಟೆಗೆ ಹೋಗಲಿಲ್ಲ. ಕರೆದುಕೊಂಡು ಹೋಗಲು ಬಂದವರೆಲ್ಲ ಮರಿಗಳನ್ನೇ ಕೇಳುತ್ತಿದ್ದರು. ಹೃದಯ ದುರ್ಬಲವಾಗಿದೆ ಎಂದು ನಮ್ಮ ಡಾಕ್ಟರಮ್ಮ ಅದು ಬಂದ ದಿನವೇ ನೋಡಿ ಹೇಳಿದ್ದರು, ಓಡಿಸಬೇಡ, ಗದರಬೇಡ. ನೆಲದ ಮೇಲೆ ಕೂತುಕೋ, ಕಣ್ಣಿಗೆ ಕಣ್ಣು ಕೊಡಬೇಡ. ಮುಖ್ಯವಾಗಿ ಕುತ್ತಿಗೆಯ ಹತ್ತಿರ ಕೈ ಒಯ್ಯಬೇಡ.

ಹಗ್ಗ ವ್ಯಾನಿನವನು ಅವಸರದಲ್ಲಿ ಹಾಗೆ ಸುತ್ತಿರಬೇಕು. ಛಾವಣಿ ಬಿದ್ದ ದಿನ ಎಲ್ಲ ನಾಯಿಗಳೂ ಕೊಚ್ಚೆಯಲ್ಲಿ ನೆನೆದವು, ವಾಸನೆ ಅದರದ್ದೇ ಇರಬೇಕು.

ಸೂಜಿ ಆಳವಾಗಿ ಚುಚ್ಚಿತೇ? ನಿನಗೆ ಸೂಜಿ ಚುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ತಮ್ಮ


ಜೂನ್ 10, ಮಂಗಳವಾರ

ತಮ್ಮಾ,

ಕೂತುಕೊಂಡು ಓದು. ಅದು ಕೊಚ್ಚೆಯ ವಾಸನೆಯಲ್ಲ, ಕೀವಿನ ವಾಸನೆ.

ನಿನ್ನೆ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಗಿರಾಕಿಗೆ ಯಂತ್ರದ ಸದ್ದು ಹಿಡಿಸಿದ ಹಾಗಿದೆ. ಮೇಜಿನ ಕೆಳಗಿನಿಂದ ತೆವಳಿಕೊಂಡು ಬಂದು ಪೆಡಲಿನಿಂದ ಒಂದು ಮೊಳ ದೂರದಲ್ಲಿ ಮಲಗಿತು. ತುಳಿಯುವುದು ನಿಲ್ಲಿಸಿದರೆ ತಲೆಯೆತ್ತಿ ಗುರ್ ಅನ್ನುತ್ತದೆ, ತುಳಿದರೆ ತಲೆ ಇಳಿಸುತ್ತದೆ. ನಾಯಿ ಕಳಿಸಿದೆಯೋ, ನನ್ನ ಮೇಲೆ ಮೇಸ್ತ್ರಿಯನ್ನು ಕಳಿಸಿದೆಯೋ ಎಂದು ನಗುತ್ತಿದ್ದೆ. ಆಗ ಕಿಟಕಿಯ ಬೆಳಕು ಅದರ ಕುತ್ತಿಗೆಯ ಮೇಲೆ ಬಿತ್ತು. ದಟ್ಟ ಕೂದಲಿನ ನಡುವೆ ಒಂದು ಗೆರೆ ಕಂಡಿತು. ಬಗ್ಗಿ ನೋಡಿದೆ. ಚರ್ಮದ ಪಟ್ಟಿ, ತಮ್ಮಾ. ಪಟ್ಟಿಯ ಮೇಲೆ ಮಾಂಸ ಬೆಳೆದಿದೆ. ಅರ್ಧ ಹೊರಗೆ, ಅರ್ಧ ಒಳಗೆ.

ಯಾವ ಮನೆಹಾಳ ಕಟ್ಟಿದ ಇದನ್ನು? ಅವನ ಕೈ ಸೇದಿಹೋಗಲಿ. ಕಟ್ಟಿ ಮರೆತನಲ್ಲ, ಮುಂದೆ ಅನ್ನ ಹಾಕುವಾಗೆಲ್ಲ ಕಣ್ಣು ಎಲ್ಲಿಟ್ಟಿದ್ದ? ನನ್ನ ಕೈಗೆ ಸಿಗಲಿ, ಅವನ ಕುತ್ತಿಗೆಗೂ ಇಂಥದ್ದೇ ಒಂದನ್ನು ಹೊಲಿದು ಹಾಕುತ್ತೇನೆ.

ಇಲ್ಲಿನ ಪಶುವೈದ್ಯರನ್ನು ಕರೆಸಿದೆ. ಬಾಗಿಲಲ್ಲೇ ನಿಂತರು. ಗಿರಾಕಿ ಇದ್ದಬದ್ದ ಹಲ್ಲೆಲ್ಲ ತೋರಿಸಿತು. "ಇದು ನಿದ್ದೆಯಲ್ಲಿಲ್ಲ ಅಂದ್ರೆ ನಾನು ಮುಟ್ಟಲ್ಲ. ಆದ್ರೆ ಇಪ್ಪತ್ತೆರಡನೇ ತಾರೀಕಿನ ಒಳಗೆ ತೆಗೀಲೇಬೇಕು. ನಂಜು ರಕ್ತಕ್ಕೆ ಇಳಿದ್ರೆ ಉಳಿಯಲ್ಲ," ಎಂದರು. ಅವರಿಗೆ ಬಿಡುವಿರುವುದೇ ಇಪ್ಪತ್ತೆರಡರ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಲ್ಲಿಂದ ಹತ್ತು ದಿನ ರಜೆ. ಅಷ್ಟರವರೆಗೆ ಅನ್ನಕ್ಕೆ ಕಲಸಲು ಪುಡಿ ಕೊಟ್ಟಿದ್ದಾರೆ. ನಿದ್ದೆಯ ಮಾತ್ರೆ ಎಷ್ಟು ಎಂಬುದನ್ನು ಅದರ ಹೃದಯ ನೋಡಿದ ಡಾಕ್ಟರೇ ಹೇಳಬೇಕಂತೆ. ನಿಮ್ಮ ಡಾಕ್ಟರಮ್ಮನನ್ನು ಕೇಳು. ತಡ ಮಾಡಬೇಡ.

ಅಕ್ಕ


ಜೂನ್ 13, ಶುಕ್ರವಾರ

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ.

ಡಾಕ್ಟರಮ್ಮನ ಹತ್ತಿರ ಮಾತಾಡಿದ್ದೇನೆ. ಮಾತ್ರೆ ವ್ಯಾನಿನವನ ಕೈಯಲ್ಲಿ ಬರುತ್ತದೆ. ಅದಕ್ಕೆ ಮೊದಲು ನೀನು ಒಂದು ಕೆಲಸ ಮಾಡಬೇಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ಎಷ್ಟಿದೆ ಎಂದು ಬರೆದು ಕಳಿಸು. ಹಳೆಯ ಪಟ್ಟಿ ಹೋದ ಮೇಲೆ ಎದೆಗೆ ಹಾಕುವ ಹೊಸ ಪಟ್ಟಿ ಮಾಡಿಸಲು ಬೇಕು. ಅವಸರವೇನಿಲ್ಲ, ಆದರೆ ಸೋಮವಾರದ ಅಂಚೆಗೆ ಹಾಕು.

ಕಟ್ಟಿದವನನ್ನು ಬೈದು ಪ್ರಯೋಜನವಿಲ್ಲ. ಅವನಿಗೂ ಏನೋ ಕಾರಣ ಇದ್ದಿರಬಹುದು, ನಾಳೆ ಬಿಚ್ಚೋಣ ಎಂದುಕೊಂಡು ಉಳಿದಿರಬಹುದು. ಇಲ್ಲಿ ಆಡಳಿತದವರು ಪ್ರತಿ ನಾಯಿಯ ಬಗ್ಗೆಯೂ ವರದಿ ಕೇಳುತ್ತಿದ್ದಾರೆ. ಪಟ್ಟಿಯ ವಿಷಯ ನೀನಾಗಿ ಅವರಿಗೆ ಬರೆಯಬೇಡ, ನಾನೇ ನೋಡಿಕೊಳ್ಳುತ್ತೇನೆ.

ತಮ್ಮ


ಜೂನ್ 16, ಸೋಮವಾರ

ತಮ್ಮಾ,

ಮೂವತ್ತು ಇಂಚು. ಟೇಪು ಹಿಡಿದೇ ಅಳೆದದ್ದು. ಈ ಸಲದ ಪಟ್ಟಿಯಾದರೂ ಅದಕ್ಕೆ ಬಿಗಿಯಾಗದಿರಲಿ.

ಪಾಪಿಗಳ ವಕೀಲ ನೀನು ಯಾವಾಗಿನಿಂದ ಆದೆ? ನಾಳೆ ಬಿಚ್ಚೋಣ ಎಂದುಕೊಂಡನಂತೆ! ಆ ನಾಳೆಗಳನ್ನೆಲ್ಲ ಈ ಮೂಕಪ್ರಾಣಿ ಕುತ್ತಿಗೆಯಲ್ಲಿ ಹೊತ್ತುಕೊಂಡಿದೆ.

ಗಿರಾಕಿ ಈಗ ನನ್ನ ಎದುರಿಗೇ ತಿನ್ನುತ್ತದೆ. ನಿನ್ನೆ ಪೆಡಲಿನ ಪಕ್ಕಕ್ಕೇ ಬಂದು ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟುಕೊಂಡು ಮಲಗಿತು. ಹೊಲಿಯಲು ಏನೂ ಉಳಿದಿರಲಿಲ್ಲ, ಆದರೂ ಸುಮ್ಮನೆ ಒಂದು ಗಂಟೆ ಖಾಲಿ ಯಂತ್ರ ತುಳಿದೆ. ನರ್ಸಮ್ಮ ಬಂದು ನೋಡಿ, "ಅಕ್ಕ, ದಾರವೇ ಇಲ್ವಲ್ಲ!" ಎಂದು ನಕ್ಕರು. ನಗಲಿ ಬಿಡು.

ಆದರೆ ಊಟದ ರುಚಿ ಕಡಿಮೆಯಾಗುತ್ತಿದೆ. ಮೂಗು ಬಿಸಿ ಇದೆ ಎಂದು ಕಾಣುತ್ತದೆ, ಮುಟ್ಟಿ ನೋಡಿಲ್ಲ. ಅದು ಹತ್ತಿರ ಬಂದಷ್ಟೂ ನನಗೆ ಭಯ ಜಾಸ್ತಿಯಾಗುತ್ತಿದೆ. ಮಾತ್ರೆ ಬೇಗ ಕಳಿಸು.

ಅಕ್ಕ


ಜೂನ್ 18, ಬುಧವಾರ (ವ್ಯಾನಿನವನ ಕೈಯಲ್ಲಿ)

ಅಕ್ಕಾ, ಪೊಟ್ಟಣದಲ್ಲಿ ನಾಲ್ಕು ಮಾತ್ರೆ ಇವೆ. ಭಾನುವಾರ ಬೆಳಿಗ್ಗೆ ಸರಿಯಾಗಿ ಆರಕ್ಕೆ ನಾಲ್ಕನ್ನೂ ಒಟ್ಟಿಗೆ ಮಾಂಸದಲ್ಲಿಟ್ಟು ಕೊಡು. ಎಂಟರ ಹೊತ್ತಿಗೆ ಗಾಢ ನಿದ್ದೆಯಲ್ಲಿರುತ್ತದೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಉಳಿದದ್ದು ಅಂಚೆಯಲ್ಲಿ. — ತಮ್ಮ


ಜೂನ್ 19, ಗುರುವಾರ

ಅಕ್ಕಾ,

ಮಾತ್ರೆ ಸಿಕ್ಕಿರಬೇಕು. ನಿನಗೊಂದು ಸಣ್ಣ ಸುಳ್ಳು ಹೇಳಿದ್ದೆ, ಈಗ ಹೇಳಿಬಿಡುತ್ತೇನೆ. ಅಳತೆ ಕೇಳಿದ್ದು ಹೊಸ ಪಟ್ಟಿಗಲ್ಲ. ತೂಕಕ್ಕೆ ನಿಲ್ಲದ ನಾಯಿಯ ಎದೆಯ ಸುತ್ತಳತೆಯಿಂದ ಡಾಕ್ಟರಮ್ಮ ತೂಕ ಅಂದಾಜು ಮಾಡುತ್ತಾರೆ. ಆ ತೂಕದ ಮೇಲೆ ಮಾತ್ರೆಯ ಲೆಕ್ಕ. ಹಾಗೆಂದರೆ ನೀನು ಗಾಬರಿಯಾಗಿ, ಅಳೆಯುವಾಗ ಕೈ ನಡುಗಿಸಿ ಕಚ್ಚಿಸಿಕೊಂಡೀಯೆ ಎಂದು ಪಟ್ಟಿಯ ನೆಪ ಹೇಳಿದೆ.

ಡಾಕ್ಟರಮ್ಮ ಇವತ್ತು ಮತ್ತೆ ಕೇಳಿದರು. "ಮುದಿ ನಾಯಿ, ಮೂವತ್ತಿಂಚು ಇರುತ್ತಾ? ಹೃದಯ ಬೇರೆ ಸರಿಯಿಲ್ಲ. ಮಾತ್ರೆ ಹೆಚ್ಚಾದ್ರೆ ಅದು ಏಳೋದೇ ಇಲ್ಲ, ನೋಡಿ." ನಾನು ನಕ್ಕುಬಿಟ್ಟೆ. "ನಮ್ಮಕ್ಕ ನಲವತ್ತು ವರ್ಷದಿಂದ ಹೊಲೀತಿದ್ದಾಳೆ ಡಾಕ್ಟ್ರೇ. ಅವಳ ಅಳತೆ ತಪ್ಪಿದ್ದನ್ನ ಯಾರೂ ಕಂಡಿಲ್ಲ" ಎಂದೆ. ಅವರೂ ಒಪ್ಪಿದರು.

ಶನಿವಾರದಿಂದ ನಮ್ಮ ಆಫೀಸು ಹೊಸ ಜಾಗಕ್ಕೆ ಸಾಗುತ್ತದೆ. ಭಾನುವಾರ ಎಲ್ಲ ಮುಗಿದ ಮೇಲೆ ನಿನಗೆ ಒಂದು ವಿಷಯ ಹೇಳುವುದಿದೆ.

ತಮ್ಮ


ಜೂನ್ 22, ಭಾನುವಾರ

ತಮ್ಮಾ,

ಕೊನೆಯ ಸಾಲಿಗೆ ಹಾರಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಹಾಗೇ ಓದು. ನಿನ್ನ ಎದೆಯೂ ಸ್ವಲ್ಪ ಹೊಡೆದುಕೊಳ್ಳಲಿ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. "ಅವಳ ಅಳತೆ ತಪ್ಪಿದ್ದನ್ನ ಯಾರೂ ಕಂಡಿಲ್ಲ" ಎಂಬ ಸಾಲು ಓದಿದವಳೇ ಮಾತ್ರೆಯ ಪೊಟ್ಟಣವನ್ನು ಕಪಾಟಿನೊಳಗಿಟ್ಟೆ. ನಾನು ಟೇಪು ಹಿಡಿದಿರಲಿಲ್ಲ. ನನಗೆ ಸೂಜಿಯೂ ಚುಚ್ಚಿರಲಿಲ್ಲ. ಬಂದ ದಿನವೇ ಹಗ್ಗ ಬಿಚ್ಚಲು ಹೋಗಿ ಕುತ್ತಿಗೆಗೆ ಕೈ ತಾಗಿ ಕಚ್ಚಿಸಿಕೊಂಡೆ. ನರ್ಸಮ್ಮ ಆಸ್ಪತ್ರೆಗೆ ಕರೆದೊಯ್ದು ನಾಲ್ಕು ಹೊಲಿಗೆ ಹಾಕಿಸಿ, ಇಂಜೆಕ್ಷನ್ ಕೊಡಿಸಿದರು. ಬರೆದರೆ ನೀನು ವ್ಯಾನು ಕಳಿಸಿ ವಾಪಸ್ ಒಯ್ಯುತ್ತೀಯ ಎಂದು ಮುಚ್ಚಿಟ್ಟೆ. ಆಮೇಲೆ ಟೇಪು ಹಿಡಿಯುವ ಧೈರ್ಯವೇ ಬರಲಿಲ್ಲ. ಕಣ್ಣಳತೆಯಲ್ಲಿ ಇಪ್ಪತ್ತಾರು ಅಂದುಕೊಂಡೆ. ಪಟ್ಟಿಗೆ ಎಂದು ಬರೆದಿದ್ದೆಯಲ್ಲ, ಹೊಲಿಯುವವಳ ಬುದ್ಧಿ, ಸಡಿಲಕ್ಕೆ ಎರಡು ಇಂಚು ಸೇರಿಸಿದೆ. ಮುಂದೆ ಮೈ ತುಂಬಿಕೊಂಡರೆ ಇರಲಿ ಎಂದು ಇನ್ನೆರಡು. ಮೂವತ್ತಾಯಿತು.

ಔಷಧಿ ಅಂಗಡಿಯ ಫೋನಿನಿಂದ ನಿಮ್ಮ ಆಫೀಸಿಗೆ ಹದಿನಾಲ್ಕು ಸಲ ಫೋನ್ ಮಾಡಿದೆ, ನನಗೆ ಗೊತ್ತಿರುವ ನಂಬರು ಅದೊಂದೇ, ಯಾರೂ ಎತ್ತಲಿಲ್ಲ. ಇಲ್ಲಿನ ವೈದ್ಯರು ಊರಲ್ಲಿರಲಿಲ್ಲ. ಮನೆಗೆ ಬಂದು ಯಂತ್ರದ ಮುಂದೆ ಕೂತೆ. ಟೇಪು ಕಂಡರೆ ಅಳುವ ಮಕ್ಕಳಿಗೆ ನಾನು ನೂಲಿನಲ್ಲಿ ಅಳತೆ ತೆಗೆಯುವುದು ನಿನಗೆ ಗೊತ್ತಲ್ಲ. ಒಂದು ಕಾಲಿನಲ್ಲಿ ಪೆಡಲು ತುಳಿಯುತ್ತಾ ಗಿರಾಕಿಯ ಬೆನ್ನ ಮೇಲೆ ನೂಲು ಇಳಿಬಿಟ್ಟೆ. ಎದ್ದು ಹೋಯಿತು. ಮತ್ತೆ ಬಂತು, ಮತ್ತೆ ಬಿಟ್ಟೆ, ಮತ್ತೆ ಹೋಯಿತು. ಎರಡು ಗಂಟೆ ಹೀಗೇ. ಕೊನೆಗೆ ನಿಂತಲ್ಲೇ ನಿಂತು ನಿಟ್ಟುಸಿರು ಬಿಟ್ಟಿತು, ಈ ಮುದುಕಿಯ ಕಾಟ ಮುಗಿಯುವುದಿಲ್ಲ ಅಂದ ಹಾಗೆ. ಎದೆಯ ಕೆಳಗಿಂದ ನೂಲಿನ ತುದಿ ಎಳೆದುಕೊಂಡೆ. ಟೇಪಿನ ಮೇಲೆ ಹಾಸಿದೆ. ಇಪ್ಪತ್ತಮೂರೂವರೆ. ಅಷ್ಟೂ ಕೂದಲು, ತಮ್ಮಾ. ಒಳಗೆ ಏನೂ ಇಲ್ಲ.

ಈ ಬೆಳಿಗ್ಗೆ ಆರಕ್ಕೆ ನಾಲ್ಕು ಮಾತ್ರೆಗಳನ್ನು ಬಟ್ಟಲಲ್ಲಿಟ್ಟುಕೊಂಡು ಕೂತಿದ್ದೆ. ಎರಡು ಕೊಡಲೇ ಎಂದುಕೊಂಡೆ. ಮತ್ತೆ ಕಣ್ಣಳತೆಯೇ? ಒಂದು ಸಲ ಮಾಡಿದ್ದೇ ಸಾಕಾಗಿತ್ತು. ಕೊಡದಿದ್ದರೆ ಎಂಟಕ್ಕೆ ವೈದ್ಯರು ಬಂದು, ಎಚ್ಚರವಿರುವ ನಾಯಿಯನ್ನು ಕಂಡು ಹಾಗೇ ರಜೆಗೆ ಹೊರಟುಬಿಡುತ್ತಾರೆ. ಮಾತ್ರೆಗಳನ್ನು ಬಚ್ಚಲಿಗೆ ಚೆಲ್ಲಿ ನರ್ಸಮ್ಮನ ಬಾಗಿಲು ತಟ್ಟಿದೆ.

"ನೀವು ಯಂತ್ರ ತುಳೀರಿ. ಏನೇ ಆದ್ರೂ ನಿಲ್ಲಿಸ್ಬೇಡಿ," ಎಂದೆ.

"ನನಗೆ ತುಳಿಯೋಕೆ ಬರಲ್ವಲ್ಲ ಅಕ್ಕ!"

"ಸೈಕಲ್ ತುಳಿದಿದ್ದೀರಲ್ಲ, ತುಳೀರಿ."

ನಾನು ನೆಲದ ಮೇಲೆ ಅದರ ಪಕ್ಕ ಮಲಗಿದೆ. ಕೈಯಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ. ಪಟ್ಟಿಗೆ ಬಕಲ್ ಇರಲಿಲ್ಲ, ತುದಿ ಸೇರಿಸಿ ಹೊಲಿದುಬಿಟ್ಟಿದ್ದರು. ಹೊಲಿಗೆ ಸಿಕ್ಕಿದರೆ ನನಗೆ ದಾರಿ ಸಿಕ್ಕಿದ ಹಾಗೆ. ಒಂದೊಂದೇ ಎಳೆ ಕತ್ತರಿಸಿದೆ. ಪ್ರತಿ ಎಳೆಗೂ ಗುರ್ ಅನ್ನುತ್ತಿತ್ತು, ನಾನು ಕೈ ನಿಲ್ಲಿಸುತ್ತಿದ್ದೆ, ಯಂತ್ರ ಓಡುತ್ತಿತ್ತು, ಮತ್ತೆ ಶುರು. ಹದಿನೇಳು ಎಳೆ. ಎಲ್ಲ ಬಿಚ್ಚಿದ ಮೇಲೆ ಪಟ್ಟಿಯನ್ನು ಮಾಂಸದಿಂದ ಎಳೆಯಬೇಕಿತ್ತು. ಎಳೆದೆ. ಅದು ಕೂಗಿದ ಕೂಗಿಗೆ ನರ್ಸಮ್ಮ ಪೆಡಲು ಬಿಟ್ಟು ಎದ್ದು ನಿಂತರು. ತಿರುಗಿ ನನ್ನ ಬಲಗೈಯ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು, ಹಳೆಯ ಗಾಯದ ಮೇಲೆಯೇ. ಸತ್ತೆ ಅಂದುಕೊಂಡೆ.

ಹಲ್ಲು ಊರಲಿಲ್ಲ, ತಮ್ಮಾ. ಸುಮ್ಮನೆ ಹಿಡಿದುಕೊಂಡಿತ್ತು. ನಾನೂ ಕೈ ಎಳೆದುಕೊಳ್ಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಿಟ್ಟು, ಹಿಡಿದ ಜಾಗವನ್ನು ನೆಕ್ಕಿತು.

ವೈದ್ಯರು ಬಂದು ನನ್ನನ್ನು ಚೆನ್ನಾಗಿ ಬೈದು, ಗಿರಾಕಿಯ ಬಾಯಿಗೆ ಬಟ್ಟೆ ಕಟ್ಟಿ, ಗಾಯ ತೊಳೆದು, ಇಂಜೆಕ್ಷನ್ ಕೊಟ್ಟರು. ಅಷ್ಟು ಹೊತ್ತೂ ಅವನು ನನ್ನ ಮಡಿಲಲ್ಲಿ ಮುಖ ಹುದುಗಿಸಿಕೊಂಡಿದ್ದ. ಉಳಿಯುತ್ತಾನಂತೆ. ಅಳತೆ ಕೇಳಿದ ನಿಮ್ಮ ಡಾಕ್ಟರಮ್ಮ ಮಾತ್ರೆ ಎಷ್ಟು ಕಳಿಸಿದ್ದರು ಎಂದು ವೈದ್ಯರು ಕೇಳಿದರು. ನಾಲ್ಕು ಅಂದೆ. "ಒಂ‌ದೂವರೆ ಧಾರಾಳ ಆಗ್ತಿತ್ತು," ಅಂದು ನನ್ನ ಮುಖ ನೋಡಿದರು. ಆ ನೋಟ ನನಗೆ ಸಾಯುವವರೆಗೂ ನೆನಪಿರುತ್ತದೆ.

ಈಗ ನಿನ್ನ ಸರದಿ. ಪಟ್ಟಿಯನ್ನು ತೊಳೆದು ಮೇಜಿನ ಮೇಲಿಟ್ಟಿದ್ದೇನೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಗಂಟು ಒಳಮಡಿಕೆಯಲ್ಲಿ ಅಡಗಿಸಿದ ಹೊಲಿಗೆ. ನಿನ್ನ ಶಾಲೆಯ ಚೀಲ ಹರಿದಾಗ ನಾನು ಕಲಿಸಿದ್ದು. ಹೊಲಿಗೆ ಎಡಕ್ಕೆ ಓರೆಯಾಗಿದೆ. ಎಡಗೈಯವರು ಹೊಲಿದರೆ ಮಾತ್ರ ಹಾಗಾಗುತ್ತದೆ.

ನೀನು ಹೇಳಬೇಕೆಂದಿದ್ದ ವಿಷಯ ಇದೇ ಆದರೆ, ಹೇಳುವ ಕಷ್ಟ ತಪ್ಪಿತು.

ಅಕ್ಕ


ಜೂನ್ 21, ಶನಿವಾರ

ಅಕ್ಕಾ,

ನಾಳೆ ಅಂಚೆ ಎತ್ತುವುದಿಲ್ಲ. ಇದು ಸೋಮವಾರ ಹೊರಟು ಬುಧವಾರ ನಿನ್ನ ಕೈ ಸೇರುತ್ತದೆ. ಅಷ್ಟರಲ್ಲಿ ನಾಯಿ ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ. ಗೊತ್ತಾದ ಮೇಲೆ ಬರೆದರೆ ಬೆಲೆಯಿಲ್ಲ ಎಂದು ಈಗಲೇ ಬರೆಯುತ್ತಿದ್ದೇನೆ.

ನೀನು ಬೈದ ಮನೆಹಾಳ ನಾನೇ. ಅದು ಬಂದ ವಾರ ಸರಪಳಿ ಹಾಕಲು ಪಟ್ಟಿ ಬೇಕಿತ್ತು. ಇದ್ದ ಪಟ್ಟಿಯ ಬಕಲ್ ಮುರಿದಿತ್ತು. ಹೊಸದು ಬರುವವರೆಗೆ ಇರಲಿ ಎಂದು ಹೊಲಿದುಬಿಟ್ಟೆ. ಹೊಸದು ಬರುವ ಹೊತ್ತಿಗೆ ಮೈ ತುಂಬಿಕೊಂಡಿತ್ತು, ಬಿಚ್ಚಲು ಹೋದರೆ ಕಚ್ಚಲು ಬಂತು. ನಾಳೆ ಅಂದೆ. ಆಮೇಲೆ ಕೂದಲು ಮುಚ್ಚಿತು. ಕಾಣದೇ ಇದ್ದದ್ದು ನನಗೆ ಅನುಕೂಲವಾಯಿತು. ನಾಲ್ಕು ವರ್ಷ ತಟ್ಟೆಯನ್ನು ಕೋಲಿನಿಂದ ತಳ್ಳಿದ್ದೇನೆ. ಹೊಟ್ಟೆಗೆ ಹಗ್ಗ ಸುತ್ತಿದ್ದೂ ನಾನೇ, ವ್ಯಾನಿನವನಲ್ಲ.

ನಿನ್ನಲ್ಲಿಗೇ ಏಕೆ ಕಳಿಸಿದೆ ಗೊತ್ತೇ? ಬೇರೆಯವರು ಕಂಡರೆ ದೂರು ಕೊಡುತ್ತಾರೆ. ನೀನಾದರೆ ಬೈಯುತ್ತೀಯ, ಆದರೆ ಬಿಚ್ಚಿಸದೆ ಬಿಡುವುದಿಲ್ಲ. ಇವತ್ತು ಸಾಮಾನು ಸಾಗಿಸುವ ಮೊದಲು ಆಡಳಿತದವರ ಮುಂದೆ ನಿಂತು ಎಲ್ಲ ಹೇಳಿದೆ. ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಸುತ್ತಾರಂತೆ. ಅವರಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ನಿನಗೆ ಬರೆಯಲು ಮೂರು ಕಾಗದ ಹರಿದು ಹಾಕಿದೆ.

ನಾಳೆ ಆರು ಗಂಟೆಗೆ ನಾನು ಎದ್ದಿರುತ್ತೇನೆ, ಅಕ್ಕಾ.

ತಮ್ಮ


ಜೂನ್ 25, ಬುಧವಾರ

ತಮ್ಮಾ,

ನಿನ್ನ ಕಾಗದ ಬಂತು. ಒಡೆಯುವ ಮೊದಲು ಅಂಚೆಯ ಮುದ್ರೆ ನೋಡಿದೆ. ಸೋಮವಾರ ಬೆಳಿಗ್ಗೆ. ಆ ಹೊತ್ತಿಗೆ ನನ್ನ ಕಾಗದ ಇನ್ನೂ ನಮ್ಮ ಬೀದಿಯ ಡಬ್ಬಿಯಲ್ಲೇ ಇತ್ತು. ನನಗೆ ಗೊತ್ತಾಗಿದೆ ಎಂದು ಗೊತ್ತಿಲ್ಲದೆ ಬರೆದಿದ್ದೀಯ. ಅಷ್ಟು ನೋಡಿಕೊಂಡು, ಕೂತು ಅತ್ತುಬಿಟ್ಟೆ.

ಬೈದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಕೈ ಸೇದಿಹೋಗಲಿ ಎಂದದ್ದೊಂದನ್ನು ಬಿಟ್ಟು. ನೀನು ಮರೆತು ಕೊಲ್ಲುತ್ತಿದ್ದೆ, ನಾನು ಜಂಬದಿಂದ ಕೊಲ್ಲುತ್ತಿದ್ದೆ. ನಮ್ಮಿಬ್ಬರ ಕೈಯಿಂದಲೂ ತಪ್ಪಿಸಿಕೊಂಡ ಗಟ್ಟಿಗ ಅವನೊಬ್ಬನೇ.

ಭಾನುವಾರ ಬಾ. ಬಸ್ಸಿನಲ್ಲಿ ಬಾ, ವ್ಯಾನು ಬೇಡ. ವ್ಯಾನಿನ ಸದ್ದು ಕೇಳಿದರೆ ವಾಪಸ್ ಒಯ್ಯಲು ಬಂದರು ಎಂದುಕೊಂಡಾನು. ಅವನು ಎಲ್ಲಿಗೂ ಬರುವುದಿಲ್ಲ, ಒಂದು ತಿಂಗಳ ಮಾತು ಮರೆತುಬಿಡು. ಬಾಗಿಲ ಹತ್ತಿರ ನೆಲದ ಮೇಲೆ ಕೂತುಕೋ. ಕೈ ಚಾಚಬೇಡ. ಅವನಾಗಿ ಬಂದು ಮೂಸಿದರೆ ನಿನ್ನ ಪುಣ್ಯ. ಬರದಿದ್ದರೆ ಮುಂದಿನ ಭಾನುವಾರವೂ ಬಂದು ಕೂತುಕೋ. ಕಚ್ಚಿದರೆ ನರ್ಸಮ್ಮ ಇದ್ದಾರೆ.

ಡಾಕ್ಟರಮ್ಮನ ಪುಸ್ತಕದಲ್ಲಿ ನನ್ನ ಹಳೆಯ ಅಳತೆ ಹೊಡೆದು ಹಾಕಿಸಿ ಇದನ್ನು ಬರೆಸು. ಎದೆಯ ಸುತ್ತಳತೆ ಇಪ್ಪತ್ತನಾಲ್ಕು ಇಂಚು. ಮೂರು ದಿನದಲ್ಲಿ ಅರ್ಧ ಇಂಚು ತಿಂದು ತುಂಬಿಸಿಕೊಂಡಿದ್ದಾನೆ. ಈ ಬೆಳಿಗ್ಗೆ ಟೇಪು ಹಿಡಿದು ಅಳೆದೆ, ನೂಲಿನಲ್ಲಲ್ಲ. ಯಂತ್ರವನ್ನೂ ತುಳಿಯಲಿಲ್ಲ. ಸುಮ್ಮನೆ ನಿಂತುಕೊಂಡಿದ್ದ.

ಅಕ್ಕ